ಸರೇಸು ತಾತನ ಸಾರಂಗ

ನಾನು ಕೆಲಸ ಮಾಡುವುದು ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ. ಒಂದು ಗೋಡೆಯ ತುಂಬ ಉದ್ದುದ್ದ ಸೆಳೆಖಾನೆಗಳು, ಅವುಗಳೊಳಗೆ ಹತ್ತಿಯ ಮೇಲೆ ಮಲಗಿಸಿದ ಉಗುರು, ಕೂದಲು, ಗೊರಸು, ಹಲ್ಲು. ಕಿಟಕಿಯಾಚೆ ಬಸ್ ನಿಲ್ದಾಣ. ಕಾಡಿನ ಅಧಿಕಾರಿಗಳು ಎಲ್ಲೋ ಯಾರದೋ ಮನೆಯಲ್ಲಿ ಹಿಡಿದದ್ದನ್ನು ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ ನಮ್ಮಲ್ಲಿಗೆ ಕಳಿಸುತ್ತಾರೆ. ಇದು ಯಾವ ಪ್ರಾಣಿ, ಹೇಗೆ ಸತ್ತಿತು, ಸತ್ತಿತೋ ಇಲ್ಲವೋ ಅಂತ ನಾವು ಹೇಳಬೇಕು. ನನಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಕೊಂಬುಗಳ ವಿಷಯವಂತೂ ನನ್ನದೇ. ಹಸು, ಎಮ್ಮೆ, ಟಗರುಗಳ ಕೊಂಬು ನಮ್ಮ ಉಗುರಿನ ಸಂಬಂಧಿ. ಒಳಗೆ ಮೂಳೆಯ ತಿರುಳು, ಹೊರಗೆ ಉಗುರಿನಂಥ ಕವಚ. ಹುಟ್ಟಿದ ಮೇಲೆ ಒಮ್ಮೆ ಬಂದರೆ ಸಾಯುವ ತನಕ ಅದೇ. ಕಾದ ಸೂಜಿ ಮುಟ್ಟಿಸಿದರೆ ಕೂದಲು ಸುಟ್ಟ ವಾಸನೆ. ಸಾರಂಗದ ಕವಲುಗೊಂಬಿನ ಕಥೆ ಬೇರೆ. ಅದು ಪೂರ್ತಿ ಮೂಳೆ, ಗಂಡಿಗೆ ಮಾತ್ರ ಬರುವಂಥದ್ದು. ವರ್ಷಕ್ಕೊಮ್ಮೆ ತಾನಾಗಿ ಕಳಚಿ ಬೀಳುತ್ತದೆ, ಮತ್ತೆ ಮಖಮಲ್ಲಿನಂಥ ಚರ್ಮ ಹೊದ್ದು ಹೊಸದು ಮೊಳೆಯುತ್ತದೆ. ಚಿಕ್ಕವಳಿದ್ದಾಗ ಅಜ್ಜಿ ನನಗೊಂದು ಕಥೆ ಹೇಳುತ್ತಿದ್ದಳು: ಕಾಡಿನ ದೊರೆ ಪ್ರತಿ ವರ್ಷ ತನ್ನ ಕಿರೀಟ ಬಿಸಾಡಿ, ಬೋಳು ತಲೆಯಲ್ಲಿ ನಾಚಿಕೊಂಡು ಪೊದೆಯೊಳಗೆ ಕೂರುತ್ತಾನಂತೆ. ಕಾಲೇಜಿನಲ್ಲಿ ಅದೇ ಪಾಠ ಬಂದಾಗ, ಪಠ್ಯಪುಸ್ತಕದವರು ಅಜ್ಜಿಯಿಂದ ಕದ್ದಿದ್ದಾರೆ ಅನ್ನಿಸಿತ್ತು.

ಕಾನೂನು ಇಷ್ಟೇ: ಕಾಡಿನಲ್ಲಿ ಉದುರಿ ಬಿದ್ದ ಕೊಂಬನ್ನು ಪರವಾನಗಿ ಇದ್ದವರು ಹೆಕ್ಕಬಹುದು. ತಲೆಬುರುಡೆಯ ಮೇಲೇ ಕೂತಿರುವ ಕೊಂಬು ಮನೆಯಲ್ಲಿ ಸಿಕ್ಕರೆ ಪ್ರಾಣಿಯನ್ನು ಕೊಂದಂತೆ. ಮೂರು ವರ್ಷ ಜೈಲು.

ಸರೇಸು ತಾತನ ಮನೆಯಲ್ಲಿ ಸಿಕ್ಕಿದ್ದು ಎರಡನೆಯದು.

ತಾತ ಶಾಲೆಗಳ ಗಾಜಿನ ಕಪಾಟಿಗೆ ಅಸ್ಥಿಪಂಜರ, ಬುರುಡೆ, ಹಕ್ಕಿಗೂಡುಗಳನ್ನು ಜೋಡಿಸಿಕೊಡುವ ಕುಶಲಕರ್ಮಿ. ಮೂಳೆ ಅಂಟಿಸಲು ಚರ್ಮದಿಂದ ಕುದಿಸಿದ ಹಳೇ ಕಾಲದ ಸರೇಸನ್ನೇ ಬಳಸುವುದರಿಂದ ಆ ಹೆಸರು. ಹತ್ತಿರ ಹೋದರೆ ಯಾಕೆ ಅಂತ ಮೂಗಿಗೇ ಗೊತ್ತಾಗುತ್ತಂತೆ. ಮನೆಯಲ್ಲೇ ಇದ್ದ ಅವರ ಕಾರ್ಖಾನೆಯ ಕಪಾಟಿನ ಮೇಲೆ, ಒಂದೊಂದಕ್ಕೆ ಏಳು ಕವಲಿದ್ದ ಜೋಡಿ ಕೊಂಬು ಹೊತ್ತ ಬುರುಡೆ ಇತ್ತು. ‘ನಾನೇ ಅಂಟಿಸಿದ್ದು ಸಾರ್. ಬುರುಡೆ ಪ್ರಾಣಿಸಂಗ್ರಹಾಲಯದಲ್ಲಿ ಕಾಯಿಲೆಯಿಂದ ಸತ್ತ ಹೆಣ್ಣಿನದು, ಡಾಕ್ಟರ ಚೀಟಿ ಇದೆ. ಕೊಂಬು ಕಾಡಲ್ಲಿ ಹೆಕ್ಕಿದ್ದು’ ಅಂದರು ತಾತ. ಅರಣ್ಯಾಧಿಕಾರಿ ಚೀಟಿ ಓದಿ ನಕ್ಕರು. ಚೀಟಿಯಲ್ಲಿ ಹೆಣ್ಣು ಅಂತಿದೆ, ಕಣ್ಣೆದುರಿಗೆ ಕೊಂಬಿದೆ. ಚೀಟಿ ಬೇರೆ ಯಾವುದೋ ಬುರುಡೆಯದು ಅಂತ ಬರೆದುಕೊಂಡು ತಾತನನ್ನು ಕರೆದೊಯ್ದರು. ಜಾಮೀನು ಸಿಕ್ಕಿತು, ಪರವಾನಗಿ ಹೋಯಿತು.

ಚೀಲ ನನ್ನ ಮೇಜಿಗೆ ಬಂತು. ನಾನು ಎಲ್ಲವನ್ನೂ ನಿಯಮದ ಪ್ರಕಾರ ಮಾಡಿದೆ. ಅಳತೆ ತೆಗೆದೆ. ಕೊಂಬಿನ ಬುಡದಿಂದ ಚಿಟಿಕೆ ಪುಡಿ ಕೊರೆದು ಡಿಎನ್‌ಎ ನೋಡಿದೆ: ಸಾರಂಗ, ಗಂಡು. ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಹಿಡಿದೆ. ಮೂಳೆ ಆ ಬೆಳಕಲ್ಲಿ ಹಾಲಿನಂತೆ ಹೊಳೆಯುತ್ತದೆ. ಗಾರೆ, ಮೇಣ, ರಾಳ ಏನೇ ಮೆತ್ತಿದ್ದರೂ ಬೇರೆ ಬಣ್ಣ ಕಾಣುತ್ತದೆ. ಇದು ಬುಡದಿಂದ ತುದಿಯವರೆಗೆ ಒಂದೇ ಸಮ ಹಾಲು. ‘ಜೋಡಣೆಯ ಗುರುತು ಎಲ್ಲೂ ಇಲ್ಲ’ ಅಂತ ಬರೆದು ಸಹಿ ಹಾಕಿದೆ. ನಮ್ಮ ಮುಖ್ಯಸ್ಥೆಯೂ ಸಹಿ ಹಾಕಿದರು. ವರದಿ ನ್ಯಾಯಾಲಯಕ್ಕೆ ಹೋಯಿತು.

ಆಮೇಲೆ ತಾತನ ಹೆಂಡತಿ ಬರತೊಡಗಿದರು. ಆರೋಪಿಯ ಕಡೆಯವರ ಜೊತೆ ನಾವು ಮಾತಾಡುವಂತಿಲ್ಲ, ಅದು ನಿಯಮ. ಆಕೆಗೆ ಅದನ್ನು ಯಾರೋ ಹೇಳಿದ್ದರು. ಹಾಗಾಗಿ ಕೆಳಗಿನ ಪಡಸಾಲೆಯ ಬೆಂಚಿನ ಮೇಲೆ ಕೂತು, ನಾನು ಬಾಟಲಿಗೆ ನೀರು ತುಂಬಿಸಿಕೊಳ್ಳಲು ಬಂದಾಗ, ನೀರಿನ ಫಿಲ್ಟರಿನ ಜೊತೆ ಮಾತಾಡುತ್ತಿದ್ದರು.

“ನೋಡಪ್ಪ ಫಿಲ್ಟರು, ನಿನಗಾದ್ರೂ ಹೇಳ್ತೀನಿ. ನಲವತ್ತು ವರ್ಷ ಸಂಸಾರ ಮಾಡಿದೀನಿ ಆ ಮನುಷ್ಯನ ಜೊತೆ. ಜಿರಲೆ ಕಂಡ್ರೆ ಕುರ್ಚಿ ಹತ್ತೋರು. ಅವರು ಬಂದೂಕು ಹಿಡಿದು ಸಾರಂಗ ಹೊಡೆದ್ರಂತೆ! ಅಂಟಿಸಿದ್ದು ಕಾಣಲ್ವಂತೆ! ಕಾಣೋ ಹಾಗೆ ಅಂಟಿಸಿದ್ರೆ ಇವರು ಇವರಾಗ್ತಿದ್ರಾ?”

ನಾನು ಬಾಟಲಿ ಅರ್ಧ ತುಂಬಿದ್ದರೂ ಮುಚ್ಚಳ ಹಾಕಿ ಮೇಲಕ್ಕೆ ಓಡಿದೆ. ಹೆಂಡತಿಯರೆಲ್ಲ ಹಾಗೇ ಹೇಳುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಡಿಎನ್‌ಎ ಸುಳ್ಳು ಹೇಳುವುದಿಲ್ಲ ಅಂತಲೂ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ನಾನು, ಅಜ್ಜಿ ಬಟಾಣಿ ಬಿಡಿಸುತ್ತಿದ್ದೆವು. ಅಜ್ಜಿಗೆ ಈಗ ಕಣ್ಣು ಮಂಜು. ಕೈ ಮಾತ್ರ ಕಾಯಿಯ ಹೊಟ್ಟೆ ಸೀಳುವುದರಲ್ಲಿ ನನಗಿಂತ ಚುರುಕು. ಕಥೆಗಳ ವಿಷಯದಲ್ಲಿ ನಮ್ಮ ಪಾತ್ರ ಅದಲುಬದಲಾಗಿದೆ. ನನ್ನ ಮೇಜಿಗೆ ಬಂದ ಪ್ರಾಣಿಗಳ ಕಥೆ ನಾನು ಹೇಳಬೇಕು, ಅವಳು ತಪ್ಪು ಹಿಡಿಯಬೇಕು. ಬೇರೆ ಪ್ರಕರಣಗಳಲ್ಲಾದರೆ ನಾನು ಕೆಲಸ ಮುಗಿಸುವ ಮೊದಲೇ ಆ ಪ್ರಾಣಿಯ ಬದುಕನ್ನು ಮನಸ್ಸಿನಲ್ಲಿ ಕಟ್ಟಿಬಿಡುತ್ತೇನೆ. ಎಲ್ಲಿ ಮೇಯಿತು, ಯಾರ ಜೊತೆ ಗುದ್ದಾಡಿತು, ಯಾವ ಚಳಿಗಾಲದಲ್ಲಿ ಬಡವಾಯಿತು. ಮುಖ್ಯಸ್ಥೆ ‘ಕಥೆ ಸಾಕು, ಅಳತೆ ಹೇಳು’ ಅಂತ ಎಷ್ಟೋ ಸಲ ಗದರಿದ ಮೇಲೆ, ಈ ಒಂದು ಸಲ ದೊಡ್ಡವಳಂತೆ ಇರೋಣ ಅಂತ ಕಥೆ ಕಟ್ಟದೇ ವರದಿ ಬರೆದಿದ್ದೆ.

“ಹೇಳೇ, ಆ ಸಾರಂಗಕ್ಕೆ ವಯಸ್ಸೆಷ್ಟು?” ಅಂದಳು ಅಜ್ಜಿ. ಅವಳ ಕಥೆಗಳು ಶುರುವಾಗುವುದೇ ವಯಸ್ಸಿನಿಂದ. ಏಳು ವರ್ಷದ ರಾಜಕುಮಾರಿ, ಇನ್ನೂರು ವರ್ಷದ ಆಮೆ.

“ಮುದುಕ ಅಜ್ಜಿ. ಒಂಬತ್ತೋ ಹತ್ತೋ. ಏಳೇಳು ಕವಲು, ಕೊಂಬಿನ ಬುಡದ ಸುತ್ತ ಇರೋ ಮೂಳೆಯ ಬಳೆ ನನ್ನ ಮಣಿಕಟ್ಟಿಗಿಂತ ದಪ್ಪ.”

“ಹಾಗಿದ್ರೆ ಪಾಪ, ಹಲ್ಲು ಸವೆದು ಹೋಗಿರ್ಬೇಕು. ನನ್ನ ಹಾಗೆ ಮೆತ್ತಗಿರೋದನ್ನೇ ಹುಡುಕ್ಕೊಂಡು ತಿಂತಿತ್ತಾ?”

“ಇಲ್ಲ, ಅದರ ಹಲ್ಲು…” ಅಂದವಳು ನಿಲ್ಲಿಸಿದೆ.

ಆ ಹಲ್ಲುಗಳು ಕಣ್ಣಿಗೆ ಬಂದವು. ಎಲ್ಲವೂ ಇವೆ ಅಂತ ಎಣಿಸಿ ಬರೆದಿದ್ದೆ. ಅವುಗಳ ಏಣುಗಳು ಮೊನ್ನೆ ಮೊನ್ನೆ ಹರಿತ ಮಾಡಿದ ಹಾಗಿದ್ದವು. ಹತ್ತು ವರ್ಷ ಹುಲ್ಲು ಅರೆದ ಹಲ್ಲು ಹಾಗಿರಲು ಸಾಧ್ಯವೇ ಇಲ್ಲ. ಅಜ್ಜಿಗೂ ಹಾಗೇ ಹೇಳಿದೆ.

“ಏನೇ ಇದು, ಅಜ್ಜನ ಕಿರೀಟಕ್ಕೆ ಮೊಮ್ಮಗನ ಹಲ್ಲಾ?” ಅಜ್ಜಿ ಬಟಾಣಿ ಸಿಪ್ಪೆಯನ್ನು ನನ್ನತ್ತ ಎಸೆದಳು. “ನಾನು ಇಂಥ ಕಥೆ ಹೇಳಿದ್ರೆ ಐದು ವರ್ಷದೋಳಿದ್ದಾಗ್ಲೇ ನೀನು ಬಿಡ್ತಿರ್ಲಿಲ್ಲ.”

ಹಲ್ಲಿನ ಹಿಂದೆಯೇ ಇನ್ನೊಂದು ಬಂತು, ಅದಕ್ಕಿಂತ ಜೋರಾಗಿ. ಬುರುಡೆಯಿಂದ ಎದ್ದು ನಿಂತು ಕೊಂಬನ್ನು ಹೊರುವ ಮೋಟು ಕಂಬಕ್ಕೆ ನಾವು ಪೀಠ ಅನ್ನುತ್ತೇವೆ. ಪ್ರತಿ ವರ್ಷ ಕೊಂಬು ಉದುರುವಾಗ ಪೀಠದಿಂದಲೂ ಒಂದಿಷ್ಟು ಮೂಳೆ ಹೋಗುತ್ತದೆ. ಹಾಗಾಗಿ ಹರೆಯದ ಸಾರಂಗದ ಪೀಠ ತೆಳ್ಳಗೆ, ಉದ್ದಕ್ಕೆ. ಮುದಿ ಸಾರಂಗದ್ದು ದಪ್ಪ, ಗಿಡ್ಡ, ಕೊಂಬು ಹೆಚ್ಚುಕಡಿಮೆ ಹಣೆಯ ಮೇಲೇ ಕೂತ ಹಾಗೆ. ಈ ಬುರುಡೆಯ ಪೀಠದ ಎತ್ತರವನ್ನು ನಾನೇ ಅಳೆದಿದ್ದೆ. ನಲವತ್ತೊಂದು ಮಿಲಿಮೀಟರ್. ಬರೆದಿದ್ದೆ, ಓದಿರಲಿಲ್ಲ.

ಒಂದು ಚೀಲ, ಒಂದು ನಂಬರು, ಒಂದು ಮಾದರಿ. ಚೀಲದೊಳಗೆ ಒಂದೇ ಪ್ರಾಣಿ ಇದೆ ಅಂತ ನಾನು ಯಾಕೆ ಅಂದುಕೊಂಡೆ? ಚೀಲ ಒಂದಿತ್ತು, ಅದಕ್ಕೆ.

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಸೆಳೆಖಾನೆಗಳಲ್ಲಿದ್ದ ಗಂಡು ಬುರುಡೆಗಳನ್ನೆಲ್ಲ ಅಳೆದೆ. ಮುಖ್ಯಸ್ಥೆ ಬಂದರು. ಅವರನ್ನು ಬೆನ್ನ ಹಿಂದೆ ಎಲ್ಲರೂ ಮಿಲಿಮೀಟರ್ ಮೇಡಂ ಅನ್ನುತ್ತಾರೆ. ಅವರಿಗೂ ಗೊತ್ತು, ಬೇಜಾರಿಲ್ಲ.

“ಮೇಡಂ, ಆ ಬುರುಡೆ ವರದಿ ತಪ್ಪಾಗಿದೆ.”

“ಕಥೆ ಸಾಕು, ಅಳತೆ ಹೇಳು.”

“ಪೀಠ ನಲವತ್ತೊಂದು ಮಿಲಿಮೀಟರ್. ಅಷ್ಟು ದಪ್ಪ ಬಳೆ ಇರೋ ತಲೆ ನಮ್ಮಲ್ಲಿ ಹದಿನಾಲ್ಕಿದೆ. ಅವುಗಳಲ್ಲಿ ಹದಿನೈದು ಮಿಲಿಮೀಟರ್ ದಾಟಿದ ಪೀಠ ಒಂದೂ ಇಲ್ಲ.”

ಅವರು ಕೈಚೀಲ ಕೆಳಗಿಡುವುದನ್ನು ಮರೆತು ನಿಂತರು. “ನಲವತ್ತೊಂದು ಅಂತ ಬರೆದೋರು ಯಾರು?”

“ನಾನೇ.”

“ಕೆಳಗಡೆ ಸಹಿ?”

“ನಂದೇ ಮೇಡಂ. ಪಕ್ಕದಲ್ಲಿ ನಿಮ್ದು.”

ಮೇಡಂ ಕೈಚೀಲ ಕೆಳಗಿಟ್ಟರು. “ಸರಿ,” ಅಂದರು, “ಇಬ್ರೂ ಸೇರಿ ಚೆಲ್ಲಿದೀವಿ, ಇಬ್ರೂ ಸೇರಿ ಒರೆಸೋಣ. ಬುರುಡೆಯ ಹಿಂಬದಿಯಿಂದ ಬೇರೆ ಮಾದರಿ ತೆಗಿ. ನ್ಯಾಯಾಲಯಕ್ಕೆ ಇವತ್ತೇ ಪತ್ರ ಹೋಗ್ಲಿ. ನಮ್ಮ ವರದಿ ಸದ್ಯಕ್ಕೆ ನಂಬಬೇಡಿ ಅಂತ ನಾವೇ ಬರೀಬೇಕು.”

ಬುರುಡೆಯ ಹಿಂಬದಿ ಹೇಳಿತು: ಹೆಣ್ಣು. ಪಕ್ಕದ ರಸ್ತೆಯ ಪಶು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿದೆವು. ನಿಜವಾದ ಮೂಳೆಯ ಒಳಗೆ ಜೇಡರ ಬಲೆಯಂಥ ಎಳೆಗಳಿರುತ್ತವೆ. ಪೀಠದ ಜಾಗದಲ್ಲಿ ಮರಳು ತುಂಬಿದ ಹಾಗೆ ಬರೀ ಕಾಳು ಕಾಳು. ನಾನು ಕುಣಿಯುವುದೊಂದು ಬಾಕಿ. ಮೇಡಂ ಅರಣ್ಯಾಧಿಕಾರಿಗೆ ಫೋನ್ ಮಾಡಿ, ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. ಅಧಿಕಾರಿ ಎಲ್ಲ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ವರ್ಷದಲ್ಲಿ ಎಷ್ಟೋ ಸಾರಂಗಗಳು ಗುಂಡೇಟಿಗೆ ಬಿದ್ದದ್ದನ್ನು ಕಣ್ಣಾರೆ ಕಂಡವರು.

“ಅಂಟಿಸಿದ್ದು ನಿಜ, ಒಪ್ಪಿದೆ ಮೇಡಂ,” ಅಂದರು. “ಆದ್ರೆ ಆ ಕೊಂಬು ಎಲ್ಲಿಂದ ಬಂತು? ಗಂಡನ್ನ ಕೊಂದು, ಗರಗಸದಲ್ಲಿ ಕೊಯ್ದು, ಹೆಣ್ಣಿನ ಬುರುಡೆಗೆ ಅಂಟಿಸಿರ್ಬಹುದಲ್ಲ? ಚೀಟಿಗೆ ಚೀಟಿಯೂ ಆಯ್ತು, ಕೊಂಬಿಗೆ ಕೊಂಬೂ ಆಯ್ತು.”

ಅವರು ಕೇಳಿದ್ದು ಸರಿಯಾಗಿತ್ತು. ತಾನಾಗಿ ಉದುರಿದ ಕೊಂಬೋ ಕೊಯ್ದದ್ದೋ ಅಂತ ಗೊತ್ತಾಗುವುದು ಒಂದೇ ಜಾಗದಲ್ಲಿ, ಕೊಂಬಿನ ತಳದಲ್ಲಿ. ಕಾಲ ಬಂದಾಗ ಬಳೆಯ ಕೆಳಗಿನ ಮೂಳೆಯನ್ನು ಮೈಯೇ ಒಂದು ಗೆರೆಯುದ್ದಕ್ಕೂ ಕರಗಿಸಿಬಿಡುತ್ತದೆ; ಉದುರಿದ ಕೊಂಬಿನ ತಳ ಸ್ವಲ್ಪ ಉಬ್ಬಿಕೊಂಡು, ಸಕ್ಕರೆ ಹರಳು ಅಂಟಿದ ಹಾಗೆ ತರಿತರಿಯಾಗಿರುತ್ತದೆ. ಕೊಯ್ದ ತಳ ಸಪಾಟು, ಗರಗಸದ ಗೆರೆಗಳ ಸಮೇತ. ಆ ತಳ ತಾತನ ಜೋಡಣೆಯೊಳಗೆ ಅಡಗಿತ್ತು. ಬಿಚ್ಚಿ ನೋಡಿ ಅಂತ ನ್ಯಾಯಾಲಯ ಹೇಳಿತು, ಎರಡೂ ಕಡೆಯವರ ಎದುರಿಗೆ.

ಎರಡು ವಾರ ಕಳೆದು, ಬುಧವಾರ ಹನ್ನೊಂದು ಗಂಟೆಗೆ ನಮ್ಮ ಉದ್ದನೆಯ ಮೇಜಿನ ಸುತ್ತ ಅರಣ್ಯಾಧಿಕಾರಿ, ಮೇಡಂ, ನಾನು, ಸರೇಸು ತಾತ. ತಾತ ಸಣ್ಣಗಿನ ಮನುಷ್ಯ, ಬೆರಳುಗಳು ಮಾತ್ರ ಉದ್ದ. ಜೈಲಿನ ಭಯಕ್ಕಿಂತ ಹೆಚ್ಚಾಗಿ, ತನ್ನ ಕೆಲಸವನ್ನು ಯಾರು ಎಲ್ಲಿ ಮುಟ್ಟುತ್ತಾರೋ ಅನ್ನುವ ಆತಂಕ ಮುಖದ ಮೇಲಿತ್ತು. ನಾನು ಸಣ್ಣ ಉಳಿ ಕೈಗೆತ್ತಿಕೊಂಡೆ.

“ಅಯ್ಯಯ್ಯೋ, ಇಡಮ್ಮ ಅದನ್ನ!” ಅಂದರು ತಾತ. “ಸರೇಸಿಗೆ ಉಳಿ ಹಾಕ್ತಾರಾ? ಬಿಸಿನೀರು ತರ್ಸು. ಬೆರಳು ತಡ್ಕೊಳ್ಳೋವಷ್ಟು ಬಿಸಿ ಸಾಕು. ಬಟ್ಟೆ ನೆನೆಸಿ ಸುತ್ತು, ಆರಿದ ಹಾಗೆ ಬದಲಾಯಿಸ್ತಾ ಇರು. ತಾನೇ ಬಿಡುತ್ತೆ.”

ಸುತ್ತಿದೆವು. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಕೋಣೆಯಲ್ಲಿ ಒದ್ದೆ ಚರ್ಮದ ವಾಸನೆ ಏಳತೊಡಗಿತು. ಅಧಿಕಾರಿ ಗಡಿಯಾರ ನೋಡಿದರು.

“ಹಿಡ್ಕೊಂಡು ಎಳೆದ್ರೆ ಬರಲ್ವೇನ್ರೀ?”

“ಬರುತ್ತೆ ಸಾರ್, ಅರ್ಧ ಬುರುಡೆ ಜೊತೆಗೆ. ನೀವು ಯಾವತ್ತೂ ಹಲ್ಲು ಕೀಳ್ಸಿಲ್ವಾ?”

“ಇಷ್ಟು ಉದ್ದದ ಪೀಠ ಯಾಕೆ ಮಾಡಿದ್ರಿ ತಾತ?” ಅಂದೆ ನಾನು. “ಮುದಿ ಸಾರಂಗಕ್ಕೆ ಹೀಗಿರಲ್ಲ.”

“ಗೊತ್ತು ಮಗಳೇ. ಗಿಡ್ಡ ಮಾಡಿದ್ರೆ ಹಿಂದಿನ ಬೆಂಚಿನ ಮಕ್ಕಳಿಗೆ ಕಾಣಲ್ಲ. ಕೊಂಬು ಎಲ್ಲಿ ಕಳಚುತ್ತೆ ಅಂತ ಟೀಚರು ಕೋಲಲ್ಲಿ ತೋರಿಸ್ಬೇಕಲ್ಲ, ಅದಕ್ಕೆ ಎತ್ತರ ಕೊಟ್ಟೆ.” ಸ್ವಲ್ಪ ತಡೆದು, ದನಿ ಇಳಿಸಿದರು. “ನಿನ್ನ ವರದಿ ಓದಿದೆ. ‘ಜೋಡಣೆಯ ಗುರುತು ಎಲ್ಲೂ ಇಲ್ಲ.’ ನಮ್ಮನೆಯವಳು ಅಳ್ತಾ ಕೂತಿದ್ಲು. ನಾನು ಮೂರು ಸಲ ಓದಿದೆ. ಒಳಗೊಳಗೇ ಖುಷಿ, ಅವಳಿಗೆ ಹೇಳ್ಲಿಲ್ಲ.”

“ನೀಲಿ ದೀಪದಲ್ಲೂ ಕಾಣ್ಲಿಲ್ಲ. ಅದಕ್ಕೆ ಏನು ಹಾಕ್ತೀರಿ?”

“ಇನ್ನೇನು, ಮೂಳೆಯದೇ ಪುಡಿ. ಅರದಿಂದ ಉಜ್ಜುವಾಗ ಉದುರಿದ್ದನ್ನ ಹದಿನೈದು ವರ್ಷದಿಂದ ಡಬ್ಬಿಲಿ ಕೂಡಿಟ್ಟಿದೀನಿ. ಸರೇಸಲ್ಲಿ ಕಲಸಿ ಮೆತ್ತೋದು, ಮೇಲೆ ಹಳೇ ಚಹಾದ ಬಣ್ಣ.”

ಮೂಳೆಪುಡಿಗೆ ಚರ್ಮದ ಅಂಟು! ದೀಪಕ್ಕೆ ಅದೂ ಮೂಳೆಯೇ. ನನ್ನ ಕತ್ತಲೆ ಕೋಣೆಯನ್ನು ಈ ಮನುಷ್ಯ ಕನಸಲ್ಲೂ ನೆನೆಯದೆ ಸೋಲಿಸಿದ್ದ. ಮೇಡಂ ಪುಸ್ತಕ ತೆಗೆದು ಡಬ್ಬಿಯ ವಿವರ ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ನನ್ನ ಕೈಯಲ್ಲಿ ಕೊಂಬು ಅಲುಗಿತು. ತುಸು ತಿರುಗಿಸಿದೆ. ಪಿಚಕ್ ಅಂತ ಸದ್ದಾಗಿ ಬಲಗೊಂಬು ಕಳಚಿತು, ನಡುವಿನ ಮರದ ಗೂಟದ ಸಮೇತ. ಕೆಳಗೆ ಹೆಣ್ಣಿನ ಹಣೆ, ಗೂಟಕ್ಕೆ ಕೊರೆದ ತೂತೊಂದು ಬಿಟ್ಟರೆ ನುಣ್ಣಗೆ. ಕೊಂಬಿನ ತಳಕ್ಕೆ ಮೆತ್ತಿದ್ದನ್ನು ಬ್ರಶ್ಶಿನಿಂದ ತೊಳೆಯುತ್ತ ಹೋದೆ. ಕಂದು ನೀರು ಇಳಿಯಿತು, ಮೂಳೆ ಕಾಣಿಸಿತು.

ಅದರ ಮೇಲೆ ಗೆರೆಗಳಿದ್ದವು. ನೇರ ಗೆರೆಗಳು.

ಅಧಿಕಾರಿ ಬಾಗಿ ನೋಡಿದರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ಗರಗಸ,” ಅಂದರು.

“ಅದು ನಾನು ಗೀಚಿದ್ದು ಸಾರ್,” ಅಂದರು ತಾತ. ಮೇಜಿನ ಮೇಲೆ ಬೆರಳಿನಿಂದ ಅಡ್ಡಡ್ಡ ಗೀಚಿ ತೋರಿಸಿದರು. “ಉಬ್ಬಿದ ಕಡೆ ನುಣುಪಿದ್ರೆ ಸರೇಸು ಕಚ್ಚಲ್ಲ, ಅರದಿಂದ ಗೀಚ್ತೀವಿ. ಕೇಳಿ ಬೇಕಾದ್ರೆ ಯಾರನ್ನಾದ್ರೂ…” ಯಾರನ್ನು ಅಂತ ಹೇಳಲು ಅವರಿಗೆ ತೋಚಲಿಲ್ಲ. ಈ ಕೆಲಸ ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ.

ನಾನು ದೀಪ ಹತ್ತಿರ ಎಳೆದುಕೊಂಡೆ. ಕೊಂಬನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮೊದಲು ಬರೀ ಮಬ್ಬು. ತಿರುಪು ತಿರುಗಿಸಿದೆ. ತಳ ಒಂದು ಪುಟ್ಟ ಊರಿನಂತೆ ಎದ್ದು ಬಂತು: ಗುಡ್ಡ, ತಗ್ಗು, ಗುಡ್ಡ, ತಗ್ಗು. ಗೆರೆಗಳು ಒಂದನ್ನೊಂದು ಅಡ್ಡಡ್ಡ ಕತ್ತರಿಸಿಕೊಂಡು, ಗುಡ್ಡದ ತಲೆಗಳನ್ನು ಮಾತ್ರ ಸವರಿ ಹೋಗಿದ್ದವು. ತಗ್ಗುಗಳೊಳಗೆ ಯಾವ ಲೋಹವೂ ಇಳಿದಿರಲಿಲ್ಲ. ಅಲ್ಲಿ ಹರಳು ಹರಳಾದ ಮೂಳೆ, ಮೈ ತಾನೇ ಕರಗಿಸಿ ಬಿಟ್ಟಂತೆಯೇ, ಮುಟ್ಟದೆ ಉಳಿದಿತ್ತು. ಗರಗಸ ಹಾದುಹೋಗಿದ್ದರೆ ಗುಡ್ಡವೂ ಇರುತ್ತಿರಲಿಲ್ಲ, ತಗ್ಗೂ ಇರುತ್ತಿರಲಿಲ್ಲ.

“ಸಾರ್, ನೀವೇ ನೋಡಿ,” ಅಂತ ಎದ್ದು ಜಾಗ ಬಿಟ್ಟೆ. “ಗೆರೆ ಎಲ್ಲಿದೆ ನೋಡ್ಬೇಡಿ, ಎಲ್ಲಿ ಇಲ್ಲ ಅಂತ ನೋಡಿ.”

ಅವರು ತುಂಬ ಹೊತ್ತು ನೋಡಿದರು. ಮೇಡಂ ಉಕ್ಕಿನ ಅಳತೆಪಟ್ಟಿಯನ್ನು ತಳದ ಮೇಲೆ ಅಡ್ಡ ಇಟ್ಟರು. ಪಟ್ಟಿ ಅತ್ತ ಇತ್ತ ತೊನೆದಾಡಿತು. ಎರಡೂ ಅಂಚಿನಲ್ಲಿ ಬೆಳಕು ನುಗ್ಗಿತು. ಸಪಾಟಲ್ಲ, ಉಬ್ಬು.

“ಎಡಗಡೆದೂ ಬಿಚ್ಚಿ,” ಅಂದರು ಅಧಿಕಾರಿ. ಬಿಚ್ಚಿದೆವು. ಅದೂ ಹಾಗೇ. ಆಗ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, “ತಾತ, ಆ ಡಾಕ್ಟರ ಚೀಟಿ ನನ್ನ ಹತ್ರಾನೇ ಇದೆ. ವಾಪಸ್ ಕೊಡ್ತೀನಿ,” ಅಂದರು.

ತಾತ ಕೊಂಬಿಲ್ಲದ ಬುರುಡೆಯನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದರು, ಮಿಂದ ಮಗುವಿನ ತಲೆ ಒರೆಸಿದ ಹಾಗೆ.

ಮುಂದಿನ ಗುರುವಾರ ನ್ಯಾಯಾಲಯದಲ್ಲಿ ನನ್ನನ್ನು ಕಟಕಟೆಗೆ ಕರೆದರು. ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿ, “ಒಂದೇ ವಸ್ತುವಿಗೆ ಎರಡು ವರದಿ. ಎರಡರಲ್ಲೂ ನಿಮ್ಮದೇ ಸಹಿ. ಯಾವುದನ್ನ ನಂಬಲಿ?” ಅಂದರು.

“ಎರಡನೆಯದನ್ನ,” ಅಂದೆ. “ಮೊದಲನೆಯದನ್ನ ಬರೆಯುವಾಗ ಇದು ಒಂದೇ ಪ್ರಾಣಿ ಅಂತ ಮೊದಲೇ ಅಂದ್ಕೊಂಡಿದ್ದೆ. ಹಾಗಾಗಿ ನನ್ನ ಅಳತೆಯೇ ಬೇರೆ ಹೇಳ್ತಿದ್ರೂ ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು. ಆ ಕೊಂಬುಗಳು ಕಾಡಿನಲ್ಲಿ ತಾನಾಗಿ ಉದುರಿದ್ದು. ಅವಕ್ಕೋಸ್ಕರ ಯಾವ ಪ್ರಾಣಿಯೂ ಸತ್ತಿಲ್ಲ.”

ಹೇಳುವಾಗ ನಾಚಿಕೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಷ್ಟು ಸ್ಪಷ್ಟವಾಗಿ ನನ್ನ ಬಾಯಿಂದ ಮಾತು ಬಂದದ್ದೇ ಕಡಿಮೆ.

ಪ್ರಕರಣ ಕೈಬಿಟ್ಟರು. ಪರವಾನಗಿ ಮರಳಿ ಬಂತು, ಒಂದು ಷರತ್ತಿನೊಂದಿಗೆ. ಅರಣ್ಯಾಧಿಕಾರಿ ಎದ್ದು, ಇನ್ನು ಮುಂದೆ ಇಂಥ ಮಾದರಿಗಳಲ್ಲಿ ಜೋಡಣೆ ಎಲ್ಲರಿಗೂ ಕಾಣುವಂತಿರಬೇಕು ಅಂತ ಕೇಳಿಕೊಂಡರು. ಜೈಲಿನ ಮಾತು ಬಂದಾಗಲೂ ಕೂತಲ್ಲೇ ಕೂತಿದ್ದ ತಾತ, ಈಗ ಧಡಕ್ಕನೆ ಎದ್ದು ನಿಂತರು.

“ಕಾಣೋ ಹಾಗಾ? ತಾಯಿ, ಐವತ್ತು ವರ್ಷ ಕಾಣದ ಹಾಗೆ ಮಾಡೋದು ಕಲ್ತಿದೀನಿ!”

“ಒಂದು ಗೆರೆ ಹಾಕಿದ್ರೆ ಸಾಕು,” ಅಂದರು ನ್ಯಾಯಾಧೀಶೆ.

“ಎಷ್ಟು ದಪ್ಪ? ಕೂದಲೆಳೆಯಷ್ಟು ಹಾಕ್ತೀನಿ. ಹಿಂದಗಡೆ, ಗೋಡೆ ಕಡೆಗೆ.”

“ಮುಂದಗಡೆ ಹಾಕ್ರೀ!” ಕೊನೆಯ ಬೆಂಚಿನಿಂದ ಅವರ ಹೆಂಡತಿಯ ದನಿ ಬಂತು. “ಕೆಂಪು ಬಣ್ಣದಲ್ಲಿ ಹಾಕ್ರೀ! ಬೆರಳು ದಪ್ಪ!”

ಜವಾನ ಶ್ ಅಂದ. ನ್ಯಾಯಾಧೀಶೆ ತುಟಿ ಬಿಗಿಹಿಡಿದು ಕಾಗದದ ಮೇಲೆ ಬಾಗಿದರು. “ಕೆಂಪು ಗೆರೆ. ಮುಂಭಾಗದಲ್ಲಿ. ಎರಡು ಮಿಲಿಮೀಟರ್.”

“ಒಂದೂವರೆ ಆಗಲ್ವಾ ತಾಯಿ?” ಅಂದರು ತಾತ. ಹೆಂಡತಿ ಬೆಂಚುಗಳ ನಡುವೆ ದಾಪುಗಾಲು ಹಾಕಿ ಬಂದು, ಅಂಗಿಯ ತುದಿ ಹಿಡಿದು ಅವರನ್ನು ಕೂರಿಸಿದರು.